ಸೀಮೆಸುಣ್ಣದ ಮನೆಗೆ ಕಾವಲು

ಎಣ್ಣೆಯ ವಾಸನೆ, ಹೊಲಿಗೆ ಯಂತ್ರಕ್ಕೆ ಬಿಡುತ್ತಾರಲ್ಲ ಅದೇ ತೆಳ್ಳನೆಯ ಎಣ್ಣೆ, ಗಾಜಿನ ಕಪಾಟಿನ ತುಂಬ ಇಷ್ಟೊಂದು ಕಪ್ಪು ಮೂತಿಗಳನ್ನು ಸಾಲಾಗಿ ಮಲಗಿಸಿಕೊಂಡ ಬಂದೂಕಿನ ಅಂಗಡಿ ಕೊನೆಗೆ ನೋಡಿದರೆ ದರ್ಜಿಯ ಅಂಗಡಿಯ ಹಾಗೆ ನಾರುತ್ತದೆ, ಇದಕ್ಕೇನಾ ಬೆಳಗಿನಿಂದ ಹೆದರಿಕೊಂಡು ಬಂದದ್ದು — ಅವಳಿಗೆ ನಗು ಬಂತು, ಬಂದದ್ದು ಗಂಟಲಿನಲ್ಲೇ ಕೂತಿತು, ಮನೆಗೆ ಕಳ್ಳ ಹೊಕ್ಕು ಹೋದ ಮೇಲೆ ಅವಳ ನಗುವಿನದ್ದು ಇದೇ ಪಾಡು, ಬರುತ್ತದೆ, ಹೊಸಿಲು ದಾಟುವುದಿಲ್ಲ. ಅವನು ಒಯ್ದದ್ದಾದರೂ ಏನು, ಗೋಡೆಯ ಗಡಿಯಾರ, ಗಂಡನ ಹಳೇ ರೇಡಿಯೋ, ಮಗಳು ಗುಬ್ಬಿಯ ಹೊಸ ಬೂಟು, ಅಯ್ಯೋ ಆ ಬೂಟು ಯಾವ ಕಳ್ಳನ ಕಾಲಿಗೆ ಆದೀತು, ಹೋದರೆ ಹೋಗಲಿ, ಅವೆಲ್ಲ ಸಾಮಾನು, ಆದರೆ ಹೋಗುವಾಗ ಅತ್ತೆಯ ನಿದ್ದೆಯನ್ನೂ ಗಂಟು ಕಟ್ಟಿಕೊಂಡು ಹೋದನಲ್ಲ, ಅದಕ್ಕೆ ಏನು ಮಾಡುವುದು. ಅಂದಿನಿಂದ ಅತ್ತೆ ಮಲಗಿದ್ದೇ ಇಲ್ಲ, ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ದೊಡ್ಡ ಸೌಟು ಇಟ್ಟುಕೊಂಡು ಕೂರುತ್ತಾರೆ, ಮಲಗಿ ಅತ್ತೆ ಅಂದರೆ ನೀನು ಮಲಕ್ಕೋ ನಂಗೆ ಅಭ್ಯಾಸ ಅನ್ನುತ್ತಾರೆ, ಅಭ್ಯಾಸವೇ ಸರಿ, ಆಯುಷ್ಯವೆಲ್ಲ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಯಾ ಆಗಿದ್ದವರು, ವಾರ್ಡಿನವರೆಲ್ಲ ಮಲಗಲಿ ಅಂತ ತಾವು ಎದ್ದಿದ್ದವರು, ಆದರೆ ಆಗ ಹಗಲಾದರೂ ನಿದ್ದೆ ಇತ್ತು, ಈಗ ಹಗಲೂ ಇಲ್ಲ, ಕಣ್ಣು ಗುಳಿ ಬಿದ್ದು, ಅಡುಗೆಮನೆಯ ಬಾಗಿಲಿಗೆ ಕೈ ತಗುಲಿಸಿಕೊಂಡು ಓಡಾಡುತ್ತಾರೆ. ಡಾಕ್ಟರು ಹೇಳಿದ್ದು ನಿದ್ದೆ ಬರಲಿ, ಎಲ್ಲ ಸರಿಹೋಗುತ್ತೆ, ಬರದಿದ್ದರೆ ಹೃದಯಕ್ಕೆ ಒಳ್ಳೇದಲ್ಲ. ಗಂಡ ಬಸ್ ಡಿಪೋದಲ್ಲಿ ರಾತ್ರಿ ಕೆಲಸದವನು, ಅವನು ಹೇಳಿದ್ದು ಒಂದು ಪಿಸ್ತೂಲು ತಗೋ, ಅಮ್ಮಂಗೆ ಧೈರ್ಯ ಬರುತ್ತೆ, ಕಳ್ಳ ಬಂದ್ರೆ ಎದ್ದು ನಿಲ್ಲೋಳು ನೀನು, ನಿನ್ನ ಕೈಗೆ ಹೊಂದೋದನ್ನ ನೀನೇ ಆರಿಸು. ಪರವಾನಗಿಯೂ ಬಂತು. ಆರಿಸಲಿಕ್ಕೆ ಬಂದಿದ್ದಾಳೆ, ಬೆನ್ನಿಗೆ ಅತ್ತೆಯೂ ಬಂದಿದ್ದಾರೆ, ಬೇಡ ಅಂದರೆ ಕೇಳುವ ಪೈಕಿಯೇ ಅವರು.

ಅತ್ತೆ ಆಗಲೇ ಗಾಜಿನ ಮೇಲೆ ಎರಡೂ ಮೊಣಕೈ ಊರಿದ್ದಾರೆ, ಸೊಪ್ಪಿನ ಕಟ್ಟು ತಿರುವಿ ಹಾಕುವವರ ಹಾಗೆ ಮುಖ ಸಿಂಡರಿಸಿಕೊಂಡು, ಇದೇನಪ್ಪಾ ಇಷ್ಟು ಗಿಡ್ಡ, ಇದಕ್ಕೆ ಯಾವ ಕಳ್ಳ ಹೆದರ್ತಾನೆ, ಆ ಮೇಲ್ಗಡೆ ತೂಗ್‌ಹಾಕಿದೀಯಲ್ಲ ಜೋಡಿ ನಳಿಗೇದು, ಅದನ್ನ ತೆಗಿ ನೋಡೋಣ — ಅಮ್ಮಾ ಅದು ಕಾಡುಹಂದಿ ಹೊಡೆಯೋಕೆ — ನಮ್ಮನೇಗೆ ಬಂದಿದ್ದೂ ಹಂದಿನೇ, ತೆಗಿ. ಅಂಗಡಿಯವರು ದಪ್ಪ ಮನುಷ್ಯ, ಮೆಲುದನಿ, ಮೀಸೆಯ ಒಂದು ತುದಿ ಮೇಲೆ ಇನ್ನೊಂದು ಕೆಳಗೆ, ಬೇಜಾರಿಲ್ಲದೆ ಅಷ್ಟುದ್ದದ್ದನ್ನು ಇಳಿಸಿ, ಮಡಿಸಿ, ನಳಿಗೆಯೊಳಗೆ ಬೆಳಕು ಬಿಟ್ಟು ತೋಟಾ ಇಲ್ಲ ನೋಡಿ ಅಂತ ತೋರಿಸಿಯೇ ಕೈಗೆ ಕೊಟ್ಟರು, ಅತ್ತೆ ಅದನ್ನು ಹೆಗಲಿಗೆ ಏರಿಸಲು ಹೋಗಿ ತಾವೇ ಒಂದು ಸುತ್ತು ತಿರುಗಿ ಬಂದರು, ಅಂಗಡಿಯವರು ಬಗ್ಗಿ ತಪ್ಪಿಸಿಕೊಂಡರು, ಬಗ್ಗಿದ್ದಕ್ಕೆ ಅತ್ತೆಗೆ ಎಷ್ಟು ಖುಷಿ, ನೋಡ್ದೆಯೇನೇ, ಇವ್ರೇ ಹೆದರಿದ್ರು, ಇದೇ ಇರ್ಲಿ. ಆರಿಸುವುದು ಅವಳು ತಾನೇ, ಅವಳ ಕೈಗೆ ಮೊದಲು ಬಂದದ್ದು ಗುಂಡು ತುಂಬುವ ಗಾಲಿ ತಿರುಗುವ ರಿವಾಲ್ವರ್, ಭಾರ, ಆದರೆ ಗೋಡೆ ಕೂರಿಸುವ ಕೆಲಸದಲ್ಲಿ ಅವಳು ದಿನಾ ಹಿಡಿಯುವ ಡ್ರಿಲ್ಲಿಂಗ್ ಮಷೀನಿನಷ್ಟೇನಿಲ್ಲ, ಅದರ ಹಿಡಿಯೂ ಹೀಗೇ ಅಂಗೈಗೆ ಕೂರುತ್ತದೆ, ಬೆರಳು ತಾನಾಗೇ ಒತ್ತುವ ಜಾಗಕ್ಕೆ ಹೋಗುತ್ತದೆ — ಅಮ್ಮಾ ಬೆರಳು ಅಲ್ಲಿ ಬೇಡ, ಪಕ್ಕಕ್ಕೆ ಚಾಚಿ ಇಟ್ಕೊಳ್ಳಿ, ಒತ್ತಬೇಕು ಅಂತ ತೀರ್ಮಾನ ಆದ ಮೇಲೆನೇ ಒಳಗೆ — ಹೌದೌದು, ಹೊಸ ಹುಡುಗರಿಗೆ ಅವಳೂ ಡ್ರಿಲ್ ಕೊಡುವಾಗ ಇದನ್ನೇ ಬೈಯುವುದು. ಆಮೇಲೆ ಚಪ್ಪಟೆ ಪಿಸ್ತೂಲು, ಅದು ಚೆನ್ನಾಗಿದೆ, ತಣ್ಣಗಿದೆ, ಚೀಲದಲ್ಲಿ ಬಾಚಣಿಗೆಯ ಪಕ್ಕ ಇಟ್ಟರೂ ಗೊತ್ತಾಗುವುದಿಲ್ಲ, ಛೆ, ಗುಬ್ಬಿ ಬಾಚಣಿಗೆ ಹುಡುಕುವುದೇ ಅವಳ ಚೀಲದಲ್ಲಿ, ಚೀಲ ಬೇಡ, ಬೀರುವಿನಲ್ಲಿ ಬೀಗ ಹಾಕಿ, ಹಾಕಿದರೆ ಕಳ್ಳ ಬಂದಾಗ ಬೀಗದ ಕೈ ಎಲ್ಲಿ, ಅವಳ ಮನೆಯಲ್ಲಿ ಇಟ್ಟ ವಸ್ತು ಇಟ್ಟ ಜಾಗದಲ್ಲಿ ಸಿಕ್ಕಿದ ದಾಖಲೆ ಇಲ್ಲ. ಇದು ಆಗ್ಬಹುದು ಅನ್ಸುತ್ತೆ, ಅಂದಳು. ಅಂಗಡಿಯವರು ತಲೆಯಾಡಿಸಿ, ಕೈಗೆ ಹೊಂದೋದು ಆಮೇಲಿನ ಮಾತು, ಮೊದ್ಲು ಮನೆ ಹಾಕಿ, ಅಂದರು.

ಮನೆ ಹಾಕುವುದು ಅಂದರೆ ಇದು — ಅಂಗಡಿಯ ಹಿಂದೆ ಉದ್ದನೆಯ ಖಾಲಿ ಕೋಣೆ, ಸಿಮೆಂಟಿನ ನೆಲ, ಕೊಳ್ಳುವವರು ತಮ್ಮ ಮನೆಯನ್ನು ಆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇದ್ದಷ್ಟೇ ಅಳತೆಗೆ ಬರೆಯಬೇಕು, ಬರೆದು, ಅದರೊಳಗೆ ಖಾಲಿ ಪಿಸ್ತೂಲು ಹಿಡಿದು ನಿಲ್ಲಬೇಕು, ನಿಂತ ಮೇಲೆಯೇ ವ್ಯಾಪಾರ, ನಮ್ಮಪ್ಪನ ಕಾಲದಿಂದ ಹೀಗೇ ಅಂದರು ಅಂಗಡಿಯವರು, ಎಷ್ಟೋ ಜನ ಇದೇನ್ರೀ ಕುಂಟೇಬಿಲ್ಲೆ ಅಂತ ಎದ್ದು ಹೋಗ್ತಾರೆ, ಹೋಗ್ಲಿ. ನೆಲದಲ್ಲಿ ಹಿಂದಿನವರ ಮನೆಗಳು ಅರ್ಧಂಬರ್ಧ ಅಳಿಸಿ ಒಂದರ ಮೇಲೊಂದು, ಯಾರದೋ ಮೆಟ್ಟಿಲು, ಯಾರದೋ ಬಚ್ಚಲು, ಯಾರೋ ಪುಣ್ಯಾತ್ಮ ಬೆಕ್ಕಿನ ಬುಟ್ಟಿಯನ್ನೂ ಬರೆದಿದ್ದಾನೆ. ಅವಳಿಗೆ ಕೈ ತುರಿಸತೊಡಗಿತು, ಮನೆ ಬರೆಯಿರಿ ಅಂತ ಯಾರ ಹತ್ತಿರ ಹೇಳುತ್ತಿದ್ದೀರಿ ಸ್ವಾಮಿ, ಊರಿನ ಅರ್ಧ ಆಫೀಸುಗಳ ಒಳಗೋಡೆ ಕೂರಿಸಿದವಳು ಅವಳು, ಕೆಲಸದ ಜಾಗದಲ್ಲಿ ಅವಳ ಹೆಸರೇ ಗೋಡೆಯಕ್ಕ, ಚೀಲದಿಂದ ಬಣ್ಣದ ಪುಡಿ ಮೆತ್ತಿದ ದಾರ ತೆಗೆದು, ಅತ್ತೇ ಈ ತುದಿ ಹಿಡ್ಕೊಳ್ಳಿ ಅಂದು, ಎಳೆದು ಮೀಟಿದರೆ ಪಟ್, ಎಂಥ ನೇರ ಗೆರೆ, ಪಟ್, ಇದು ಹಿಂದಿನ ಗೋಡೆ, ಇಟ್ಟಿಗೆಯದು, ಅವಳ ಮಂಚ ಇದಕ್ಕೆ ಆತುಕೊಂಡಿದೆ, ಪಟ್, ಇದು ಎಡಗಡೆ ಅತ್ತೆಯ ಕೋಣೆ, ಪಟ್, ಇದು ಬಲಗಡೆ ಗುಬ್ಬಿಯದು, ಎದುರಿಗೆ ಬಾಗಿಲು, ಬಾಗಿಲಾಚೆ ಕಿರಿದಾದ ನಡುಮನೆ, ಅದರ ಎಡತುದಿಗೆ ಅಡುಗೆಮನೆ, ನಡುಮನೆಯಾಚೆಯ ಗೋಡೆಗೆ ಒರಗಿ ಪಕ್ಕದ ಮನೆ. ಇಟ್ಟಿಗೆಯ ಗೋಡೆ ಒಂದನ್ನು ಬಿಟ್ಟು ಉಳಿದವೆಲ್ಲ ಅವಳೇ ಕೂರಿಸಿದ ಜಿಪ್ಸಮ್ ಹಲಗೆ, ಹಳೇ ಗೋದಾಮಿನ ಒಂದು ಹಜಾರವನ್ನು ಹಲಗೆಯಿಂದ ಹಂಚಿಕೊಂಡು ಎರಡು ಸಂಸಾರ, ಈಚೆಗೆ ಒಂದು ಹಲಗೆ, ಆಚೆಗೆ ಒಂದು, ನಡುವೆ ಗಾಳಿ, ಗೋಡೆಯೆಂದರೆ ಅಷ್ಟೇ, ಗೆಣ್ಣಿನಿಂದ ಬಡಿದರೆ ಆಚೆಯಿಂದ ಏನು ಅನ್ನುತ್ತಾರೆ. ಎಷ್ಟು ಮಾತು ಆ ಗೋಡೆಗಳ ಮೂಲಕ, ದೀಪ ಆರಿಸಿದ ಮೇಲೆಯೇ ಶುರು, ಅಮ್ಮಾ ಆನೆ ಮಲಗುವಾಗ ಸೊಂಡಿಲು ಎಲ್ಲಿಡುತ್ತೆ, ಆ ಪ್ರಶ್ನೆ ಬಲಗಡೆಯಿಂದ, ಉತ್ತರ ಎಡಗಡೆಯಿಂದ, ತಲೆದಿಂಬಿನ ಕೆಳಗೆ ಇಡುತ್ತೆ ಮಲಕ್ಕೊಳ್ಳೇ, ನಡುವೆ ಮಲಗಿದ ಅವಳು ಎರಡೂ ಕಡೆಗೆ ಟಪಾಲಿನವಳು, ಎದುರುಗಡೆಯಿಂದ ಪಕ್ಕದ ಮನೆಯ ಬ್ಯಾಂಡಿನವರು, ಮದುವೆ ಮನೆಯಲ್ಲಿ ತುತ್ತೂರಿ ಊದುವವರು, ನಮ್ಮ ಆನೆ ಈಗಷ್ಟೇ ಮಲಗಿದೆ ಸ್ವಲ್ಪ ಮೆಲ್ಲಗೆ ಅಂತ, ಅವರ ಆನೆ ಅಂದರೆ ಹೊಸದಾಗಿ ಹುಟ್ಟಿದ ಪಾಪು, ತೊಟ್ಟಿಲು ಆ ಗೋಡೆಗೇ ತಾಗಿಕೊಂಡಿದೆ, ತೂಗಿದಾಗ ಹಲಗೆಗೆ ಟಕ್ ಟಕ್ ಅನ್ನುತ್ತದೆ. ಕಳ್ಳ ಬಂದ ಮೇಲೆ ಮಾತು ನಿಂತುಹೋಗಿದೆ, ಮಾತಾಡಿದರೆ ಹೆಜ್ಜೆಯ ಸದ್ದು ಕೇಳಿಸುವುದಿಲ್ಲ ಅಂತ ಅತ್ತೆಯ ಕಟ್ಟಪ್ಪಣೆ.

ಬರೆದು ಮುಗಿಸಿ ನಿಂತು ನೋಡಿದರೆ ಮನೆ ಎಷ್ಟು ಚಿಕ್ಕದು, ಎಷ್ಟು ಚೆಂದ, ಗೋಡೆಯ ತಲೆನೋವಿಲ್ಲದೆ ಒಂದೇ ನೋಟಕ್ಕೆ ಎಲ್ಲರೂ ಕಾಣುತ್ತಾರೆ, ಅವಳಿಗೆ ಅದರ ಮೇಲೆ ಹೊಸದಾಗಿ ಪ್ರೀತಿ ಉಕ್ಕಿತು, ತನ್ನ ಮನೆಯನ್ನು ತಾನೇ ಮೇಲಿನಿಂದ ನೋಡಿದ್ದು ಇದೇ ಮೊದಲು. ನನ್ನ ಮಂಚ ಎಲ್ಲಿ ಅಂದರು ಅತ್ತೆ, ಅಲ್ಲೇ ಅತ್ತೆ, ಆ ಗೆರೆಯ ಪಕ್ಕ, ಅಂದದ್ದೇ ತಡ ಸೀರೆ ಸರಿಮಾಡಿಕೊಂಡು ನೆಲದ ಮೇಲೆ ಕೂತೇಬಿಟ್ಟರು, ಕೂತವರು ಮಲಗಿದರು, ಚಪ್ಪಲಿಯನ್ನು ಗೆರೆಯ ಹೊರಗೇ ಬಿಟ್ಟು, ಕೈಚೀಲ ತಲೆಗೆ ಕೊಟ್ಟು, ಸರಿಯಾಗಿ ಆಟ ಆಡೋದಾದ್ರೆ ಸರಿಯಾಗಿ ಆಡೋಣ, ಆದರೆ ನೋಡಿ, ಕಾಲು ಗೆರೆ ದಾಟಿ ನಡುಮನೆಗೆ ಬಂದುಬಿಟ್ಟವು, ಎರಡು ಪಾದಗಳು, ಅಂಗಾಲು ಅವಳ ಕಡೆಗೆ, ಅಗಲ ಹಿಮ್ಮಡಿ, ಹೆಬ್ಬೆರಳ ಪಕ್ಕದಲ್ಲಿ ಚಪ್ಪಲಿಯ ಪಟ್ಟಿ ತಿಂದ ಬಿಳೀ ಗುರುತು, ಅತ್ತೇ ನಿಮ್ಮ ಕಾಲು ಗೋಡೆಯಿಂದ ಆಚೆ ಬಂದಿದೆ, ಅಂದಳು, ಗೋಡೆ ಕಟ್ಟೋಳು ನೀನು, ಕಾಲಿಗೆ ಜಾಗ ಬಿಟ್ಟು ಕಟ್ಟಬೇಕಿತ್ತು, ಅಂತ ನೆಲದಿಂದ ಉತ್ತರ. ಅಂಗಡಿಯವರು ಪಿಸ್ತೂಲನ್ನು ಇನ್ನೊಮ್ಮೆ ಬಿಚ್ಚಿ, ಖಾಲಿ ನೋಡಿ, ಅವಳಿಗೂ ತೋರಿಸಿ, ಮಂಚದ ಹತ್ತಿರ ನಿಂತ ಅವಳ ಕೈಗಿಟ್ಟು, ತಾವೇ ಕಳ್ಳನಾಗಿ ಅಡುಗೆಮನೆಯ ಗೆರೆಯಿಂದ ತುದಿಗಾಲಲ್ಲಿ ಬಂದರು, ಅಷ್ಟು ದಪ್ಪ ಮನುಷ್ಯ ಅಷ್ಟು ಮೆಲ್ಲಗೆ, ನಡುಮನೆಯಲ್ಲಿ ಆ ಎರಡು ಪಾದಗಳನ್ನು ಜೋಪಾನವಾಗಿ ದಾಟಿಕೊಂಡು, ಕ್ಷಮಿಸಿಮ್ಮಾ ಅಂದುಕೊಂಡು, ಅವಳ ಬಾಗಿಲಿಗೆ ಬಂದು ನಿಂತರು. ಈಗ? ಈಗ ಎತ್ತಬೇಕು. ಎತ್ತಿದಳು, ಎದುರಿಗೆ ಅವರ ಹೊಟ್ಟೆ, ಹೊಟ್ಟೆಯ ಹಿಂದೆ ಹಲಗೆ, ಹಲಗೆಯ ಹಿಂದೆ ಟಕ್ ಟಕ್, ತೊಟ್ಟಿಲು — ಕೈ ತಾನಾಗೇ ಇಳಿಯಿತು. ಇದರ ಗುಂಡು ಎಷ್ಟು ಹಲಗೆ ದಾಟುತ್ತೆ, ಕೇಳಿದಳು. ನಿಮ್ಮ ಆ ಹಲಗೆನಾ, ನಾಲ್ಕೈದು ದಾಟಿಯೂ ಸುಸ್ತಾಗಲ್ಲ. ಅವರು ಎಡಕ್ಕೆ ಸರಿದರು, ಅವಳೂ ತಿರುಗಿದಳು, ಎಡಕ್ಕೆ ಅತ್ತೆಯ ಪಾದಗಳು, ಬೆರಳು ಆಡಿಸುತ್ತಿವೆ, ಬಲಕ್ಕೆ ಸರಿದರು, ಬಲಕ್ಕೆ ಗುಬ್ಬಿ, ಶಾಲೆಯಲ್ಲಿದ್ದಾಳೆ, ಇಲ್ಲ ಇಲ್ಲಿ ಗೆರೆಯೊಳಗೆ ಮುದುರಿ ಮಲಗಿದ್ದಾಳೆ, ಅಯ್ಯೋ ಎಲ್ಲಿ ತಿರುಗಿದರೂ ಒಬ್ಬರಲ್ಲ ಒಬ್ಬರು ಮಲಗಿದ್ದಾರೆ, ಇದೇನು ಮನೆಯೋ ಧರ್ಮಛತ್ರವೋ, ಗುಂಡು ಹಾರಿಸಲಿಕ್ಕೆ ಒಂದು ಗೇಣು ಜಾಗ ಬಿಟ್ಟಿಲ್ಲವಲ್ಲ ನನ್ನ ಜನ, ಖಾಲಿ ಇರುವುದು ಒಂದೇ ದಿಕ್ಕು, ಬೆನ್ನ ಹಿಂದಿನ ಇಟ್ಟಿಗೆಯ ಗೋಡೆ. ನೀವು ಸ್ವಲ್ಪ ಈ ಕಡೆ ಬರ್ತೀರಾ, ಅಂದಳು, ನನ್ನ ಮಂಚದ ಮೇಲೆ ನಿಂತ್ಕೊಂಡ್ರೆ ನಾನು ಬಾಗಿಲ ಹತ್ರ ಹೋಗ್ತೀನಿ, ಆಗ ಹಿಂದೆ ಇಟ್ಟಿಗೆ ಬರುತ್ತೆ. ಅಂಗಡಿಯವರು ಮೀಸೆ ಸವರಿಕೊಂಡರು, ಅಲ್ಲಮ್ಮಾ, ಕಳ್ಳನ್ನೂ ಹೀಗೇ ಕೇಳ್ತೀರಾ? ಮರ್ಯಾದೆ ಕೊಟ್ಟು ಕೇಳಿದ್ರೆ ಬರ್ತಾನೆ ಬಿಡಪ್ಪಾ, ಅಂತ ಗೆರೆಯೊಳಗಿನಿಂದ ಅತ್ತೆ, ಕೂರೋಕೊಂದು ಮಣೆ ಹಾಕೇ ಅವ್ನಿಗೆ.

ನಗು ಬಂತು, ಈ ಸಲ ಗಂಟಲಲ್ಲಿ ನಿಲ್ಲಲಿಲ್ಲ, ಹೊಟ್ಟೆಯಿಂದಲೇ ಕಿತ್ತುಕೊಂಡು ಬಂತು, ಪಿಸ್ತೂಲನ್ನು ನೆಲಕ್ಕೆ ತೋರಿಸಿಕೊಂಡು ಇನ್ನೊಂದು ಕೈಯಲ್ಲಿ ಪಕ್ಕೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು, ಅಂಗಡಿಯವರು ಬಾಗಿಲಿನ ಗೆರೆಗೆ ಒರಗಲು ಹೋಗಿ ಒರಗಲು ಏನೂ ಇಲ್ಲದೆ ತೂರಾಡಿದರು, ಅದಕ್ಕೆ ಮತ್ತೆ ನಗು, ಅತ್ತೆಯ ಹೊಟ್ಟೆ ಕುಲುಕಿ ಪಾದಗಳೂ ಕುಲುಕಿದವು. ಬೇಡ, ಇದು ನಮ್ಮನೆಗೆ ಆಗೋದಲ್ಲ, ಅದು ಖಾತ್ರಿಯಾಯಿತು, ಖಾತ್ರಿಯಾದದ್ದೇ ಎದೆ ಹಗುರ, ಜಾಗ ಇಲ್ಲದಷ್ಟು ಜನ ಇರುವ ಮನೆ ನಮ್ಮದು, ದೇವರೇ, ಎಂಥ ಸುಖ, ಕಳ್ಳ ಬಂದ ಅಡುಗೆಮನೆಯ ಹಿಂಬಾಗಿಲಿಗೆ ಕಬ್ಬಿಣದ್ದು ಹಾಕಿದರಾಯಿತು, ಚೌಕಟ್ಟು ತಾನೇ ಕೂರಿಸುತ್ತಾಳೆ, ಬ್ಯಾಂಡಿನವರ ಕಡೆಗೊಂದು ಗಂಟೆ ಎಳೆದರೆ ಅವರು ತುತ್ತೂರಿ ಊದಿಯೇ ಬೀದಿ ಎಬ್ಬಿಸುತ್ತಾರೆ, ಆದರೆ ಅತ್ತೆಗೆ ಹೇಗೆ ಹೇಳುವುದು, ಅಷ್ಟು ಆಸೆಪಟ್ಟು ಬಂದವರು, ಧೈರ್ಯ ಬರುತ್ತೆ ಅಂತ ತಾನೇ ಬಂದದ್ದು, ಇವತ್ತೂ ಕುರ್ಚಿ, ಇವತ್ತೂ ಸೌಟು. ಅತ್ತೇ, ಇದು ಬೇಡ ಅನ್ಸುತ್ತೆ, ಅಂದಳು. ಅತ್ತೆ ಸೆರಗನ್ನು ಕಣ್ಣ ಮೇಲೆ ಎಳೆದುಕೊಂಡರು. ಕೋಪ ಬಂತೇನೋ, ನಿಮ್ಮನ್ನ ದಾಟಿ ಹೊಡೆಯೋಕೆ ಆಗಲ್ಲ ಅತ್ತೆ ನಂಗೆ. ಬೇಡಾಂದ್ರೆ ಬೇಡ ಬಿಡು, ದನಿ ದಪ್ಪಗಾಗಿದೆ, ಎಲ್ಲೋ ದೂರದಿಂದ ಬಂದಂತೆ, ನೀನು ಎದ್ದಿದೀಯಲ್ಲ, ಇರು ಹಾಗೇ ಒಂಚೂರು, ಆಮೇಲೆ ಒಂದು ಸಣ್ಣ ಸದ್ದು, ಗರಗಸ ಒದ್ದೆ ಮರಕ್ಕೆ ಹೋದಂತೆ, ಮತ್ತೊಂದು, ಇದೇನು, ಇದು ಗೊರಕೆ, ಅತ್ತೆಯ ಗೊರಕೆ, ಎಷ್ಟು ಕಾಲವಾಯಿತು ಎಡಗಡೆಯ ಗೋಡೆಯಿಂದ ಇದನ್ನು ಕೇಳಿ, ಬಂದೂಕಿನ ಅಂಗಡಿಯ ತಣ್ಣನೆ ನೆಲದ ಮೇಲೆ, ಮಧ್ಯಾಹ್ನದ ಬೆಳಕಿನಲ್ಲಿ, ಅಂಗಡಿಯವರು ಬಾಯಿಗೆ ಬೆರಳಿಟ್ಟು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಗೆರೆಗೆರೆ ದಾಟಿಕೊಂಡು ಕಳ್ಳನಿಗಿಂತ ಮೆಲ್ಲಗೆ ಹೊರಗೆ ಹೋದರು, ಪಿಸ್ತೂಲು ಅವಳ ಕೈಯಲ್ಲೇ ಉಳಿಯಿತು, ಬೇಡವಾದ ವಸ್ತು, ಇಡಬೇಕು, ಎಲ್ಲಿ ಇಡುವುದು, ಸುತ್ತ ಸಿಮೆಂಟು, ಇಟ್ಟರೆ ಠಣ್ ಅನ್ನುತ್ತದೆ, ನಡೆದರೆ ಅವಳ ಬೂಟು ಕಿರುಗುಟ್ಟುತ್ತದೆ, ಕೂತರೆ ಮೊಣಕಾಲು ಲಟಕ್ ಅನ್ನುತ್ತದೆ, ಅಲ್ಲಾಡುವ ಹಾಗಿಲ್ಲ, ನಿಂತಿದ್ದಾಳೆ, ಕೈ ಸೋಲುತ್ತಿದೆ, ಸೋಲಲಿ, ನಿಲ್ಲುತ್ತಾಳೆ, ಸಂಜೆಯವರೆಗೂ ಬೇಕಾದರೆ ನಿಲ್ಲುತ್ತಾಳೆ, ಗುಬ್ಬಿಯನ್ನು ಶಾಲೆಯಿಂದ ಗಂಡ ಕರೆತರುತ್ತಾನೆ, ಅತ್ತೆ ಮಲಗಿದ್ದಾರೆ ಕಣ್ರೀ, ಮಲಗಿದ್ದಾರೆ, ಗೆರೆಯಾಚೆಗೆ ಆ ಪಾದಗಳು, ಬೆರಳುಗಳ ಬಿಗಿ ಬಿಟ್ಟು, ಒಂದು ಈ ಕಡೆಗೆ ವಾಲಿ, ಇನ್ನೊಂದು ಆ ಕಡೆಗೆ, ಆ ಪಾದಗಳೂ ಮಲಗಿವೆ.