ಸೋಮವಾರದ ಹನಿ

ಹಾಲಿನ ಪಾಕೀಟಿಗೆಂದು ಫ್ರಿಜ್ ತೆರೆದ ಸುಧಾರಾಣಿಯ ಕೈ ಅಲ್ಲೇ ನಿಂತಿತು. ಇವತ್ತು ಒಲೆ ಹಚ್ಚುವಂತಿಲ್ಲ. ದಿನದ ರೂಢಿ ಕಾಲನ್ನು ಎಳೆದು ತಂದಿತ್ತು, ಅಷ್ಟೆ. ಬಾಗಿಲ ಗೂಡಿನಲ್ಲಿ, ನಿಂಬೆಹಣ್ಣಿನ ಪಕ್ಕ, ಅತ್ತೆಯ ಕಣ್ಣಿನ ಹನಿಯ ಸೀಸೆ. ಹೋದ ತಿಂಗಳು ತಂದದ್ದು. ಇಷ್ಟು ಹೊತ್ತಿಗೆ ತೀರಿರಬೇಕಿತ್ತು. ಬೆಳಕಿಗೆ ಹಿಡಿದಳು. ಹತ್ತಿರ ಹತ್ತಿರ ಅರ್ಧ ಉಳಿದಿತ್ತು.

ಹೊರಗೆ ಕಟ್ಟೆಯ ಮೇಲೆ ಅತ್ತೆ ಹಂಪಕ್ಕನ ದೇಹವನ್ನು ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಹಾರ. ನಿನ್ನೆ ಸಂಜೆ ರಸ್ತೆ ದಾಟುವಾಗ ಎಡಗಡೆಯಿಂದ ಬಂದ ಬೈಕು ಆಕೆಗೆ ಕಾಣಲೇ ಇಲ್ಲ.

“ಮೂವತ್ತು ವರ್ಷ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸಿದ ಕೈ,” ಎಂದ ಕುರುಗೋಡಿನಿಂದ ಬಂದ ಆಕೆಯ ತಮ್ಮ ಮೈಲಾರಲಿಂಗಪ್ಪ. “ನನ್ನ ಮದುವ್ಯಾಗ ಅಕ್ಕಿಕಾಳು ಹಾಕಾಕ ಬಂದಾಕಿ, ಮೊದ್ಲು ನನ್ನ ಅಂಗಿ ದಾರ ಕಡದ್ಲು.”

“ಬಾಯಿಲೇ ಕಡದ್ಲು. ಫೋಟೋದಾಗೂ ಬಂದೈತಿ,” ಎಂದಳು ಸಿರುಗುಪ್ಪದ ತಂಗಿ ಚನ್ನವೀರಮ್ಮ. ಇಬ್ಬರೂ ನಕ್ಕರು. ನಗುತ್ತಲೇ ಚನ್ನವೀರಮ್ಮ ಸೆರಗು ಬಾಯಿಗೊತ್ತಿಕೊಂಡಳು.

“ಔಷಧ ಹಾಕಿದ್ರೂ ಕಣ್ಣು ಉಳೀಲಿಲ್ಲ ನೋಡವ್ವಾ,” ಎಂದ ಮೈಲಾರಲಿಂಗಪ್ಪ.

“ಒಪ್ಪತ್ತಿನ ದಿನ ಎಲ್ಲಿ ಹಾಕಿಸ್ಕೊಂತಿದ್ಲಣ್ಣ? ಹನಿ ಗಂಟಲಿಗಿಳಿದು ಕಹಿ ಆಗತೈತಿ, ರಾತ್ರಿ ಏನರ ಬಾಯಿಗೆ ಹೋದ್ರ ಒಪ್ಪತ್ತು ಕೆಡತೈತಿ ಅಂತಿದ್ಲು. ಮೊದ್ಲು ಸೋಮವಾರ ಒಂದ ಇತ್ತು. ಮೊಮ್ಮಗಳಿಗೆ ಡೆಂಗಿ ಬಂದಾಗ ಬೇಡಿಕೊಂಡು, ಗುರುವಾರ, ಶನಿವಾರನೂ ಹಿಡಿದ್ಲು.”

ಸೀಸೆ ಹಿಡಿದೇ ಹೊಸ್ತಿಲಿಗೆ ಬಂದಿದ್ದ ಸುಧಾರಾಣಿ ಅಲ್ಲೇ ಕುಳಿತಳು.

*

ಮೂರು ತಿಂಗಳ ಹಿಂದೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ್ದರು: “ಕಣ್ಣಿನ ಒತ್ತಡ ಇಳಿದಿಲ್ಲ. ನೋವಿಲ್ಲ ಅಂತ ಬಿಡಬ್ಯಾಡ್ರಿ, ಪಕ್ಕದ ನೋಟ ಹೋದ್ರೆ ತಿರುಗಿ ಬರೋದಿಲ್ಲ. ದಿನಾ ರಾತ್ರಿ ಹಾಕ್ತೀರಾ?”

“ನನ್ನ ಮೊಮ್ಮಗಳು ಹಾಕ್ತಾಳ್ರಿ. ಒಂದು ಹನಿ ಕೆಳಗ ಬೀಳಂಗಿಲ್ಲ,” ಎಂದಿದ್ದಳು ಹಂಪಕ್ಕ.

ಒಂಬತ್ತು ವರ್ಷದ ಗಂಗೋತ್ರಿ ತನ್ನ ಚಪ್ಪಲಿ ನೋಡುತ್ತಿದ್ದಳು. ನಾಚಿಕೆ ಎಂದುಕೊಂಡು ಸುಧಾರಾಣಿ ಅವಳ ತಲೆ ಸವರಿದ್ದಳು.

ದಿನಾ ರಾತ್ರಿ ಪಾತ್ರೆ ತೊಳೆಯುತ್ತ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: “ಹಾಕಿದ್ಯೇನವ್ವಾ?”

“ಹೂಂ,” ಎನ್ನುತ್ತಿದ್ದಳು ಮಗಳು.

ಒಮ್ಮೆಯೂ ಕೈ ಒರೆಸಿಕೊಂಡು ಹೋಗಿ ನೋಡಿರಲಿಲ್ಲ.

*

ಹಂಪಕ್ಕನನ್ನು ಎತ್ತಿದರು. ಜಾಗಟೆಯ ಸದ್ದು ಓಣಿಯ ತಿರುವು ದಾಟಿತು. ನೀರು ಹಾಕಿ ತೊಳೆದ ಕಟ್ಟೆಯ ಪಕ್ಕ ಗಂಗೋತ್ರಿ ನಿಂತಿದ್ದಳು. ಅವಳ ಲಂಗದ ಅಂಚಿನಲ್ಲಿ ಗೇಣುದ್ದದ ದಾರ ಜೋತಾಡುತ್ತಿತ್ತು. ಎಷ್ಟು ದಿನದಿಂದಲೋ. ಅಜ್ಜಿಗೆ ಅದೂ ಕಂಡಿರಲಿಲ್ಲ.

ಹುಡುಗಿ ಆ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ತಾಯಿಯ ಮುಷ್ಟಿಯಲ್ಲಿದ್ದ ಸೀಸೆಯನ್ನು ನೋಡಿದಳು.

“ಅವ್ವಾ, ಇವತ್ತೂ ಸೋಮವಾರ.”

“ಹೂಂ.”

“ಯಾರಿಗೂ ಹೇಳಬ್ಯಾಡ ಅಂತ ಅಜ್ಜಿ ಆಣಿ ಹಾಕಿಸಿದ್ಲು.” ಬೆರಳ ತುದಿ ಕೆಂಪಾಗುವಷ್ಟು ದಾರ ಬಿಗಿದಿತ್ತು. “ನಾ ನಿನಗ ಹೇಳಿದ್ದರ, ಅಜ್ಜಿಗೆ ಆ ಬೈಕು ಕಾಣತಿತ್ತೇನವ್ವಾ?”