ಅರ್ಧ ಹಾಕಿದ್ದೇ ತಪ್ಪಂತೆ

ರಜೆ ಮುಗಿಸಿ ಬಂದ ಮಗಳಿಗೆ ಮೊದಲು ಕಂಡದ್ದು ಈಜುಕೊಳದ ಗೇಟಿಗೆ ಬಿದ್ದ ಬೀಗ. ಆಮೇಲೆ, ಪಂಪ್ ರೂಮಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಪ್ಪ. ಅಪ್ಪ ಅಲ್ಲಿ ನೀರಿಗೆ ಕ್ಲೋರಿನ್ ಬೆರೆಸುವವರು. ಮಕ್ಕಳ ಬಾಯಲ್ಲಿ ನೀರುತಾತ. ಮಗಳು ಅದೇ ಕಟ್ಟಡದ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸದವಳು.

"ಕೆಲಸದಿಂದ ನಿಲ್ಲಿಸಿದಾರೆ ಕಣಮ್ಮ," ಎಂದು ಕಾಗದ ಚಾಚಿದರು.

'ಕಂಪ್ಯೂಟರ್ ಶೀಟಿನಲ್ಲಿ ಸೂಚಿಸಿದ ಪ್ರಮಾಣ ಪಾಲಿಸದೆ ಮನಸ್ಸಿಗೆ ಬಂದಂತೆ ಕ್ಲೋರಿನ್ ಬೆರೆಸಿದ್ದರಿಂದ ಮಕ್ಕಳಿಗೆ ತೊಂದರೆಯಾಗಿದೆ' ಎಂದಿತ್ತು. ಕೆಳಗೆ ಮ್ಯಾನೇಜರ ಸಹಿ.

ಅವಳು ರಜೆಯಲ್ಲಿದ್ದಾಗ ಮಕ್ಕಳಿಗೆಂದು ಪುಟ್ಟ ಕೊಳವೊಂದು ಶುರುವಾಗಿತ್ತು. ನೀರಿಗಿಳಿದ ಸ್ವಲ್ಪ ಹೊತ್ತಿಗೇ ಮಕ್ಕಳು ಕಣ್ಣುಜ್ಜಿಕೊಂಡು ಅಳುತ್ತ ಮೇಲೆ ಬಂದವು. ಕೆಮ್ಮು ನಿಲ್ಲದ ಇಬ್ಬರನ್ನು ಆಸ್ಪತ್ರೆಗೆ ಒಯ್ದು, ಸಂಜೆ ಮನೆಗೆ ಕಳಿಸಿದ್ದರು.

"ಆ ಚಿಕ್ಕ ಕೊಳಕ್ಕೂ ದೊಡ್ಡದಕ್ಕೆ ಹಾಕೋವಷ್ಟೇ ಬರೆದಿತ್ತು. ಮ್ಯಾನೇಜರಿಗೆ ಫೋನ್ ಮಾಡಿ ಕೇಳ್ದೆ. 'ಕಂಪ್ಯೂಟರ್‌ಗಿಂತ ನಿಮಗೆ ಜಾಸ್ತಿ ಗೊತ್ತಾ? ಬರೆದಷ್ಟು ಹಾಕ್ರಿ' ಅಂದ್ರು. ಮನಸ್ಸು ಒಪ್ಪಲಿಲ್ಲ, ಅರ್ಧ ಹಾಕ್ದೆ." ಅಪ್ಪ ಗೇಟಿನ ಬೀಗದತ್ತ ನೋಡಿದರು. "ಅಷ್ಟೂ ಹಾಕಬಾರದಿತ್ತು. ಆ ಕೂಸುಗಳ ಕಣ್ಣು ನೋಡೋಕಾಗ್ಲಿಲ್ಲ ಕಣೆ."

ಮಗಳಿಗೆ ಸಿಟ್ಟು ನೆತ್ತಿಗೇರಿತು. ನೆಟ್ಟಗೆ ಆಫೀಸಿಗೆ ಹೋಗಿ ಕ್ಲೋರಿನ್ ಲೆಕ್ಕದ ಫೈಲ್ ತೆರೆದಳು. ಅದು ಅವಳೇ ಮಾಡಿದ್ದ ಫೈಲು. ಆಗ ಇದ್ದದ್ದು ದೊಡ್ಡ ಕೊಳದ ಶೀಟ್ ಒಂದೇ. ಕೊಳದ ಅಳತೆ ಇದ್ದ ಚೌಕಕ್ಕೆ 'ನೀರು' ಎಂದು ಹೆಸರಿಟ್ಟಿದ್ದಳು. ಆ ಹೆಸರು ಇಡೀ ಫೈಲಿಗೆ ಸೇರಿದ್ದು, ಯಾವ ಶೀಟಿನಲ್ಲಿ ಬರೆದರೂ ಆ ಚೌಕವನ್ನೇ ತೋರಿಸುತ್ತಿತ್ತು. ಇನ್ನೊಂದು ಕೊಳ ಬಂದರೆ ಅದರ ಶೀಟಿಗೆ ಮಾತ್ರ ಸೇರಿದ ಬೇರೆ 'ನೀರು' ಮಾಡಬೇಕು, ನಾನು ಬರುವವರೆಗೆ ಮುಟ್ಟಬೇಡಿ ಎಂದು ಮ್ಯಾನೇಜರಿಗೆ ಹೇಳಿಯೇ ಹೋಗಿದ್ದಳು. ಅವರು ಹೊಸ ಶೀಟ್ ತೆರೆದು, ಹಳೆಯ ಫಾರ್ಮುಲಾಗಳನ್ನು ತಂದು ಅಂಟಿಸಿದ್ದರು. ಚಿಕ್ಕ ಕೊಳದ ಅಳತೆಯನ್ನು ಸರಿಯಾಗಿಯೇ ಟೈಪ್ ಮಾಡಿದ್ದರು, ಆದರೆ ಫಾರ್ಮುಲಾ ಅದರತ್ತ ತಿರುಗಿಯೂ ನೋಡುತ್ತಿರಲಿಲ್ಲ. 'ನೀರು' ಎಂದೊಡನೆ ಅದು ದೊಡ್ಡ ಕೊಳಕ್ಕೇ ಓಡುತ್ತಿತ್ತು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀತಾರಾ?" ಎಂದು ಒಬ್ಬಳೇ ಗೊಣಗಿದಳು.

ಅಂದು ಮಧ್ಯಾಹ್ನ ತಂದೆತಾಯಂದಿರ ಸಭೆ. ತಪ್ಪು ಮಾಡಿದ ನೌಕರನ ಮೇಲೆ ಕ್ರಮ ಕೈಗೊಂಡಿದ್ದೇವೆ ಎಂದು ಮ್ಯಾನೇಜರು ಮಾತು ಶುರುಮಾಡುತ್ತಿದ್ದಂತೆ ಅವಳು ಎದ್ದು, ಫೈಲನ್ನು ಗೋಡೆಯ ಪರದೆಗೆ ಹಾಕಿದಳು.

"ಇದು ಮಕ್ಕಳ ಕೊಳದ ಶೀಟು. ಅಳತೆ ಬದಲಾಯಿಸ್ತೀನಿ, ನೋಡಿ." ಬದಲಾಯಿಸಿದಳು. ಕ್ಲೋರಿನ್ ಲೆಕ್ಕ ಕದಲಲಿಲ್ಲ. ದೊಡ್ಡ ಕೊಳದ ಶೀಟಿಗೆ ಹೋಗಿ ಅಲ್ಲಿನ ಅಳತೆ ಬದಲಾಯಿಸಿದಳು. ಮಕ್ಕಳ ಕೊಳದ ಲೆಕ್ಕ ಥಟ್ಟನೆ ಬದಲಾಯಿತು.

ಸಭೆಯಲ್ಲಿ ಗುಸುಗುಸು ಎದ್ದಿತು. "ಸಣ್ಣ ತಾಂತ್ರಿಕ ದೋಷ," ಎಂದರು ಮ್ಯಾನೇಜರು. "ಅದು ಬೇರೆ ವಿಷಯ. ನಿಮ್ಮಪ್ಪ ಹೇಳಿದಷ್ಟು ಹಾಕಲಿಲ್ಲ, ಅದು ತಪ್ಪಲ್ವಾ?"

"ಹೇಳಿದಷ್ಟು ಹಾಕಿದ್ರೆ ಏನಾಗ್ತಿತ್ತು ಸಾರ್?"

ಮ್ಯಾನೇಜರು ಬಾಯಿ ತೆರೆಯುವ ಮೊದಲೇ, ಆಸ್ಪತ್ರೆಗೆ ಹೋಗಿಬಂದ ಹುಡುಗಿಯ ತಾಯಿ ಎದ್ದಳು. "ಆ ಯಜಮಾನರು ಅರ್ಧಕ್ಕೆ ನಿಲ್ಲಿಸಿದ್ದಕ್ಕೆ ನನ್ನ ಮಗು ಇವತ್ತು ಮನೇಲಿ ಆಡ್ತಿದೆ. ನಿಮಗೆ ನಾಚಿಕೆ ಆಗಲ್ವಾ?"

ಸಂಜೆಯೊಳಗೆ ಅಪ್ಪನ ಮೇಲಿನ ಆದೇಶ ರದ್ದಾಯಿತು. ಮಗಳು ಹಳೆಯ ಹೆಸರನ್ನು ಅಳಿಸಿ, ಎರಡೂ ಶೀಟಿಗೆ ಅವುಗಳದೇ 'ನೀರು' ಮಾಡಿ, ಲೆಕ್ಕವನ್ನು ಅಪ್ಪನ ಎದುರಿಗೇ ಪರೀಕ್ಷಿಸಿದಳು. ಅಪ್ಪ ತಾವೇ ನೀರು ಪರೀಕ್ಷಿಸಿ, ಕೈಯಾರೆ ಗೇಟು ತೆರೆದರು.

ಮರುದಿನ ನೋಟಿಸ್ ಬೋರ್ಡಿನಲ್ಲಿ ಸುತ್ತೋಲೆ: 'ಮ್ಯಾನೇಜರ ಸಲಹೆಯಂತೆ ಪ್ರತಿ ಶೀಟಿಗೂ ಪ್ರತ್ಯೇಕ ಹೆಸರು ನೀಡಲಾಗಿದೆ.' ಕ್ಷಮೆಯ ಮಾತು ಎಲ್ಲೂ ಇಲ್ಲ.

"ಹೋಗ್ಲಿ ಬಿಡಮ್ಮ, ಕೆಲಸ ಸಿಕ್ತಲ್ಲ," ಎಂದರು ಅಪ್ಪ.

"ಹೋಗೋಕೆ ಬಿಡಲ್ಲಪ್ಪ." ಬೋರ್ಡಿನಿಂದ ಕಾಗದ ಕಿತ್ತುಕೊಂಡು ಅವಳು ಮ್ಯಾನೇಜರ ಕೋಣೆಯ ಬಾಗಿಲು ತಳ್ಳಿದಳು. "ಸಲಹೆ ಯಾರದು ಸಾರ್? ಇಲ್ಲೇ ತಿದ್ದಿ. ಅಪ್ಪನ ಕ್ಷಮೆ ಕೇಳೋ ಸಾಲನ್ನೂ ಸೇರಿಸಿ. ನಾನು ನಿಂತಿರ್ತೀನಿ."

ಅವರು ಕೂತ್ಕೊಳ್ಳಿ ಎಂದರು. ಅವಳು ಕೂರಲಿಲ್ಲ. ಕೊನೆಗೆ, ಮುಖ ಗಂಟಿಕ್ಕಿಕೊಂಡೇ, ಪೆನ್ನು ಎತ್ತಿಕೊಂಡರು.