ಓಬಳಮ್ಮನ ಬೆಳ್ಳಿ ಬಣ್ಣದ ಕೊಡ

ಓಬಳಮ್ಮನ ಹೊಟ್ಟೆಕಿಚ್ಚು ಊರಿಗೆಲ್ಲ ಗೊತ್ತಿದ್ದದ್ದೇ. ಸಾದಲಿ ಹತ್ತಿರದ ಆ ಊರಿನಲ್ಲಿ ಅವಳ ಮನೆಗೂ ಓರಗಿತ್ತಿ ಲಕ್ಷ್ಮೀನರಸಮ್ಮನ ಮನೆಗೂ ನಡುವೆ ಒಂದೇ ಗೋಡೆ. ಆಚೆ ಮನೆಯಲ್ಲಿ ರೇಷ್ಮೆಗೂಡು ಚೆನ್ನಾಗಿ ಕಟ್ಟಿದರೆ ಈಚೆ ಮನೆಯಲ್ಲಿ ಓಬಳಮ್ಮನಿಗೆ ಊಟ ಸೇರುತ್ತಿರಲಿಲ್ಲ. ಹೀಗಿರುವಾಗ ಲಕ್ಷ್ಮೀನರಸಮ್ಮನ ತವರಿನವರು ಚಿಂತಾಮಣಿಯಿಂದ ಒಂದು ಎವರ್‌ಸಿಲ್ವರ್ ಎಂದು ಕರೆಯುವ ಸ್ಟೀಲಿನ ಕೊಡ ತಂದುಕೊಟ್ಟರು. ಊರಿಗೆ ಅದೇ ಮೊದಲನೆಯದು. ಬಾವಿಕಟ್ಟೆಯಲ್ಲಿ ಹೆಂಗಸರೆಲ್ಲ ಅದರಲ್ಲಿ ಮುಖ ನೋಡಿಕೊಂಡರು. ಓಬಳಮ್ಮ ಮನೆಗೆ ಬಂದವಳೇ ತನ್ನ ತಾಮ್ರದ ಕೊಡವನ್ನು ನೆಲಕ್ಕೆ ಕುಕ್ಕಿದಳು.

"ನಂಗೂ ಅಂಥದ್ದೇ ಬೇಕು" ಎಂದಳು ಗಂಡ ಪಿಳ್ಳಪ್ಪನಿಗೆ.

"ಇರೋ ಕೊಡಕ್ಕೇನಾಗೈತೆ? ಸುಮ್ನಿರಮ್ಮ."

ಸುಮ್ಮನಿರುವ ಹೆಂಗಸೇ ಅವಳು? ಪಾತ್ರೆಗಳಿಗೆ ತವರ ಬಳಿಯುವ ಕಲಾಯಿಯವನು ಊರಿಗೆ ಬಂದ ದಿನ ತಾಮ್ರದ ಕೊಡವನ್ನು ಅವನ ಮುಂದಿಟ್ಟಳು.

"ಒಳಗೂ ಹೊರಗೂ ಬಳಿಯಪ್ಪ. ಅವಳ ಕೊಡಕ್ಕಿಂತ ಹೊಳೀಬೇಕು."

"ಬರೀ ತವರ ಆದ್ರೆ ದುಬಾರಿ ಆಗ್ತದಮ್ಮ. ಸೀಸ ಬೆರೆಸಿದ್ರೆ ದಪ್ಪಗೆ ಕೂರ್ತದೆ. ಆದ್ರೆ ಕುಡಿಯೋ ನೀರಿಗೆ..."

"ನೀರಿಗೇನು ಹಲ್ಲೈತಾ, ಕಚ್ಚಾಕೆ? ಬೆರೆಸು!"

ಕೊಡ ಬೆಳ್ಳಿಯ ಹಾಗೆ ಬಂತು. ಓಬಳಮ್ಮ ಅದನ್ನು ಸೊಂಟದಲ್ಲಿಟ್ಟುಕೊಂಡು ಬೇಕೆಂದೇ ಓರಗಿತ್ತಿಯ ಬಾಗಿಲ ಮುಂದೆ ಹಾದುಹೋದಳು. ಅವಳನ್ನು ನೋಡಿ ಅದೇ ಊರಿನ ಕೋನಪ್ಪನ ಸೊಸೆಯೂ ತನ್ನ ಕೊಡಕ್ಕೆ ಹಾಗೆಯೇ ಬಳಿಸಿಕೊಂಡಳು. ಆದರೆ ಹೊಳಪು ಬಹಳ ಕಾಲ ನಿಲ್ಲಲಿಲ್ಲ, ಮಂಕಾಯಿತು. ಪಕ್ಕದ ಮನೆಯದು ಮಾತ್ರ ಹೊಳೆಯುತ್ತಲೇ ಇತ್ತು. ತಡೆಯಲಾರದೆ ಓಬಳಮ್ಮ ದಿನಾ ಕೊಡದ ಒಳಗೆ ಹುಣಸೆಹಣ್ಣು ಹಾಕಿ ಗಸಗಸ ಉಜ್ಜತೊಡಗಿದಳು. ಉಜ್ಜಿ, ಅದರಲ್ಲೇ ಕುಡಿಯುವ ನೀರು ತುಂಬಿಡುತ್ತಿದ್ದಳು.

ಆಮೇಲೆ ಅವಳ ಪುಟ್ಟ ಮಗಳು ಗಂಗುಲಮ್ಮ ಸೊರಗುತ್ತ ಬಂದಳು. ಊರಿಗೆ ಯಾವ ಜ್ವರ ಬಂದರೂ ಮೊದಲು ಅವಳಿಗೇ. ಕೆಮ್ಮು ಹಿಡಿದರೆ ಬಿಡದು. ಮೊಣಕಾಲಿನ ತರಚುಗಾಯ ಕೀವು ಕಟ್ಟಿಕೊಂಡು ಮಾಯುವುದೇ ಇಲ್ಲ. ಪಕ್ಕದ ಮನೆಯ ಮಕ್ಕಳಿಗೂ ಅದೇ ಜ್ವರ ಬಂತು, ಬಂದ ಹಾಗೇ ಹೋಯಿತು.

"ಒಂದೇ ಬಾವಿ ನೀರು. ಅವಳ ಮಕ್ಕಳು ಗುಂಡುಗುಂಡಗವೆ, ನನ್ನ ಕೂಸು ಮಾತ್ರ ಯಾಕೆ ಹಿಂಗೆ? ಅವಳ ಕಣ್ಣೇ ಬಿದ್ದೈತೆ!" ಎಂದು ಓಬಳಮ್ಮ ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ತಾನು ಕರುಬುತ್ತಿದ್ದುದರಿಂದ ಓರಗಿತ್ತಿಯೂ ಕರುಬುತ್ತಾಳೆ ಎಂದೇ ಅವಳಿಗೆ ತೋರಿತು.

ಲಕ್ಷ್ಮೀನರಸಮ್ಮನಿಗೆ ಮಗುವಿನ ನರಳಾಟ ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಹೇಳದೆ ಕೇಳದೆ ಅವಳು ಜಂಗಮಕೋಟೆಯ ನರ್ಸಮ್ಮ ವರಲಕ್ಷ್ಮಮ್ಮನವರನ್ನು ಕರೆದುಕೊಂಡು ಬಂದಳು.

"ನಮ್ಮನೆ ಉಸಾಬರಿ ನಿಂಗ್ಯಾಕೆ?" ಓಬಳಮ್ಮ ಸಿಡುಕಿದಳು.

ನರ್ಸಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಗುವಿನ ತುಟಿ ಎತ್ತಿ ನೋಡಿದರು. ಒಸಡಿನ ಅಂಚಿನಲ್ಲಿ ನೀಲಿಗಪ್ಪು ಗೆರೆ ಕಾಣಿಸಿತು.

"ಕುಡಿಯೋ ನೀರು ಯಾವುದ್ರಲ್ಲಿ ಇಡ್ತೀರಮ್ಮ?"

ಓಬಳಮ್ಮ ಹೆಮ್ಮೆಯಿಂದಲೇ ಕೊಡ ತೋರಿಸಿದಳು. ನರ್ಸಮ್ಮ ನೀರು ಚೆಲ್ಲಿಸಿ, ಒಳಗೆ ಬಿಳೀ ಬಟ್ಟೆಯಿಂದ ಒತ್ತಿ ಉಜ್ಜಿದರು. ಬಟ್ಟೆ ಬೂದುಗಪ್ಪಾಯಿತು.

"ಸೀಸ ಬೆರೆಸಿದ್ರಾ?"

"ಹೂಂ, ಹೊಳೀಲಿ ಅಂತ."

"ಸೀಸ ನೀರಲ್ಲಿ ಕರಗ್ತದಮ್ಮ. ಬಣ್ಣ ಇಲ್ಲ, ವಾಸನೆ ಇಲ್ಲ. ಹುಳಿ ಹಾಕಿ ಉಜ್ಜಿದಷ್ಟೂ ಜಾಸ್ತಿ ಬಿಟ್ಕೊಳ್ತದೆ. ಒಸಡಲ್ಲಿರೋ ಗೆರೆ ಅದರ ಗುರುತೇ. ಮೈಗೆ ಸೇರಿದ್ರೆ ರಕ್ತ ಕೆಡ್ತದೆ, ರೋಗ ತಡೆಯೋ ಶಕ್ತೀನೂ ಕುಗ್ತದೆ. ಹೊಲದ ಕಾವಲುಗಾರ ನಿದ್ದೆ ಹೋದ್ರೆ ದನ ನುಗ್ಗಲ್ವಾ? ಹಂಗೆ. ಪಕ್ಕದ ಮನೆ ಮಕ್ಕಳ ಕಾವಲು ಎಚ್ಚರವಾಗೈತೆ, ಜ್ವರಾನ ಓಡಿಸ್ತು."

"ನಾನು ನೀರು ಕಾಯಿಸೇ ಕೊಡ್ತೀನಲ್ಲ?"

"ಕಾಯಿಸಿದ್ರೆ ಕ್ರಿಮಿ ಸಾಯ್ತವೆ. ಸೀಸ ಎಲ್ಲಿಗೆ ಹೋಗ್ತದೆ? ನೀರು ಬತ್ತಿದಷ್ಟೂ ಇನ್ನೂ ಗಟ್ಟಿಯಾಗ್ತದೆ."

"ನಾವೂ ಅದನ್ನೇ ಕುಡೀತೀವಿ, ನಮಗೇನಾಗೈತೆ?"

"ನಂಗೂ ಹೊಟ್ಟೆ ಹಿಂಡ್ತದೆ ಕಣೇ" ಎಂದ ಪಿಳ್ಳಪ್ಪ ಮೆಲ್ಲಗೆ.

"ಮಕ್ಕಳ ಮೈ ದೊಡ್ಡೋರಿಗಿಂತ ಬೇಗ ಹೀರ್ಕೊಳ್ತದಪ್ಪ" ಎಂದರು ನರ್ಸಮ್ಮ.

ಆದರೂ ಓಬಳಮ್ಮ ಬಗ್ಗಲಿಲ್ಲ. "ಇದೆಲ್ಲ ಅವಳು ಹೇಳ್ಕೊಟ್ಟಿರೋದು. ನನ್ನ ಕೊಡ ಕಂಡ್ರೆ ಅವಳಿಗೆ ಆಗಲ್ಲ" ಎಂದಳು.

ಅಷ್ಟರಲ್ಲಿ ಮಗು "ಅಮ್ಮಾ, ನೀರು" ಎಂದಿತು. ಓಬಳಮ್ಮನ ಕೈ ಅಭ್ಯಾಸದಂತೆ ಕೊಡದ ಕಡೆ ಹೋಯಿತು. ಹೋಗಿ, ಅಲ್ಲೇ ನಿಂತಿತು. ಬಟ್ಟೆಯ ಮೇಲಿನ ಕಪ್ಪು ಕಣ್ಣೆದುರೇ ಇತ್ತು. ಲಕ್ಷ್ಮೀನರಸಮ್ಮ ಓಡಿಹೋಗಿ ತನ್ನ ಕೊಡದಿಂದ ಒಂದು ಚೊಂಬು ನೀರು ತಂದಳು. ಅದನ್ನು ಈಸಿಕೊಳ್ಳುವಾಗ ಓಬಳಮ್ಮನಿಗೆ ಹೊಟ್ಟೆ ಉರಿದದ್ದು ನಿಜ. ಆದರೂ ಈಸಿಕೊಂಡಳು, ಕುಡಿಸಿದಳು.

ಮಗುವನ್ನು ಶಿಡ್ಲಘಟ್ಟದ ಡಾಕ್ಟರಿಗೆ ತೋರಿಸಿದರು. ಅವರೂ ಸೀಸವೇ ಕಾರಣ ಎಂದರು. ಮರುದಿನ ಓಬಳಮ್ಮ ಮಣ್ಣಿನ ಬಿಂದಿಗೆ ಹಿಡಿದು ಬಾವಿಗೆ ಬಂದಳು. ಪಕ್ಕದಲ್ಲೇ ಲಕ್ಷ್ಮೀನರಸಮ್ಮನ ಕೊಡ ಬಿಸಿಲಿಗೆ ಮಿಂಚುತ್ತಿತ್ತು.

"ಏನಕ್ಕಾ, ಬೆಳ್ಳಿ ಕೊಡ ಎಲ್ಲೋಯ್ತು?" ಕೋನಪ್ಪನ ಸೊಸೆ ಕಿಸಕ್ಕೆಂದಳು. ಅವಳ ಸೊಂಟದಲ್ಲಿ ಹಾಲುಗೂಸು ಇತ್ತು.

ತೂತು ಬಿದ್ದಿದೆ ಎಂದು ಸುಳ್ಳು ಹೇಳಿದ್ದರೆ ಮಾನ ಉಳಿಯುತ್ತಿತ್ತು. ಓಬಳಮ್ಮ ಕೂಸಿನ ಮುಖ ನೋಡಿದಳು.

"ಹೊಟ್ಟೆಕಿಚ್ಚಿಗೆ ಸೀಸ ಬಳಿಸಿ ನನ್ನ ಮಗೂಗೆ ನಾನೇ ವಿಷ ಕುಡಿಸ್ದೆ ಕಣೇ. ನೀನು ನನ್ನ ನೋಡಿ ಬಳಿಸ್ಕೊಂಡೆ. ಚೆಲ್ಲು ಆ ನೀರು, ಚೆಲ್ಲು!"

ಯಾರೂ ನಗಲಿಲ್ಲ. ಕೋನಪ್ಪನ ಸೊಸೆ ಬಾವಿಕಟ್ಟೆಯಲ್ಲೇ ಕೊಡ ಬೋರಲು ಹಾಕಿದಳು.

ಗಂಗುಲಮ್ಮ ಒಂದೇ ಸಲಕ್ಕೆ ಗುಣವಾಗಲಿಲ್ಲ, ತಿಂಗಳುಗಳೇ ಹಿಡಿದವು. ಈಗ ಗಾಯ ಮಾದಿದೆ, ಓಡಾಡುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಕುಡಿಯುವ ನೀರು ಯಾವುದರಲ್ಲಿದೆ? ಈಗಲೇ ಎದ್ದು ನೋಡಿ. ಕಲಾಯಿ ಹಾಕಿಸುವುದಾದರೆ ಶುದ್ಧ ತವರದ್ದೇ ಆಗಲಿ, ಸೀಸ ಬೇಡ. ಅನುಮಾನವಿದ್ದರೆ ಮಣ್ಣಿನ ಬಿಂದಿಗೆ ಸಾಕು. ಕಾಯಿಸಿದರೆ ಸರಿಹೋಗುತ್ತದೆ ಎಂದು ನಂಬಿ ಕೂರಬೇಡಿ. ಮಗುವಿಗೆ ಮೇಲಿಂದ ಮೇಲೆ ಕಾಯಿಲೆ ಬರುತ್ತಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ, ನೀರಿನ ಪಾತ್ರೆಯ ವಿಷಯವನ್ನೂ ಹೇಳಿ. ಪಕ್ಕದ ಮನೆಯವರನ್ನು ಕಂಡು ಹೊಟ್ಟೆ ಉರಿದರೆ ಉರಿಯಲಿ, ಆ ಕಿಚ್ಚಿಗೆ ಸೀಸ ಬಳಿಸಿದ ಕೊಡದ ನೀರನ್ನು ಮಾತ್ರ ಮಗುವಿಗೆ ಕುಡಿಸಬೇಡಿ.